ಗಾಳಿ ಅಳೆಯುವ ಡಬ್ಬಿಗೆ ಹೊದಿಸಿದ ಟವಲು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು. ನಲ್ಲಿಯ ವಾಷರು ಸೋರುತ್ತಿದೆ, ಕನ್ನಡಕದ ತಿರುಪು ಸಡಿಲವಾಗಿದೆ, ಬ್ಯಾಂಕಿಗೆ ಹೋಗಿ ಬರಬೇಕು. ಹೀಗೆ ಒಂದು ಬೇಸಿಗೆ ಕಳೆದು ಇನ್ನೊಂದು ಬಂತು. ಈಗ ನಲ್ಲಿ ಸೋರುತ್ತಿಲ್ಲ, ಕನ್ನಡಕವೂ ಗಟ್ಟಿಯಾಗಿದೆ. ಇನ್ನು ನೆಪವಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ಓದಿದವರು ಯಾರೂ 'ಪಾಪ, ವಯಸ್ಸಾದವರು, ತಿಳಿಯಲಿಲ್ಲ' ಎಂದು ನನ್ನನ್ನು ಬಿಟ್ಟುಬಿಡುವುದು ಬೇಡ. ಆ ಮಾತನ್ನು ಬೇಕಾದಷ್ಟು ಕೇಳಿದ್ದೇನೆ. ಮೊದಲಿಗೆ ತಿಳಿಯಲಿಲ್ಲ, ನಿಜ. ತಿಳಿದ ಮೇಲೆ ಮಾಡಿದ್ದೇ ನಾನು ಹೇಳಬೇಕಾದದ್ದು.

ನಾನು ಸಿರುಗುಪ್ಪದವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಗುವ ಕಾಟಾದ ಮೇಲೆ ಗುಮಾಸ್ತನಾಗಿ ಸೇರಿ, ಅಲ್ಲಿಯೇ ತಲೆ ಬೆಳ್ಳಗಾಗಿಸಿಕೊಂಡೆ. ತೆಕ್ಕಲಕೋಟೆ ಕಡೆಯಿಂದ ಭತ್ತದ ಲಾರಿಗಳು ಬರುತ್ತಿದ್ದವು. ಡ್ರೈವರುಗಳು, ದಲಾಲರು ಎಲ್ಲರೂ ನಾನು ಹೇಳಿದ ತೂಕವನ್ನು ಒಪ್ಪುತ್ತಿದ್ದರು. ಸಂಜೆ ಕೊನೆಯ ಲಾರಿ ಇಳಿದ ಮೇಲೆ ನಾನು ತಪ್ಪದೆ ಮಾಡುತ್ತಿದ್ದ ಕೆಲಸ ಒಂದೇ. ತೂಕ ತೋರಿಸುವ ಯಂತ್ರವನ್ನು ಒರೆಸಿ, ಶುಭ್ರವಾದ ಬಟ್ಟೆ ಹೊದಿಸುವುದು. ನಮ್ಮ ಕಡೆಯ ಧೂಳು ಅಂಥದ್ದು. ಟೀವಿಗೆ ಬಟ್ಟೆ, ಹೊಲಿಗೆ ಯಂತ್ರಕ್ಕೆ ಬಟ್ಟೆ, ಬೈಕಿನ ಸೀಟಿಗೆ ಬಟ್ಟೆ. ಬೆಲೆಯುಳ್ಳ ವಸ್ತುವನ್ನು ಸಂಜೆ ತೆರೆದು ಬಿಟ್ಟು ಮಲಗುವವನನ್ನು ನಾವು ಮನೆತನಸ್ಥ ಎನ್ನುವುದಿಲ್ಲ.

ಆ ಗಿರಣಿ ಮುಚ್ಚಿತು. ನಾನು ಮನೆ ಸೇರಿದೆ. ನಮ್ಮ ಓಣಿಯ ಹಿಂದೆ ಅದಕ್ಕಿಂತ ದೊಡ್ಡದೊಂದು ಗಿರಣಿ ಎದ್ದಿತು. ಭತ್ತ ಬೇಯಿಸುವುದಕ್ಕೆ ಅಲ್ಲಿ ಹೊಟ್ಟು ಸುಡುತ್ತಾರೆ. ಹಗಲು ಅದರ ಚಿಮಣಿ ಸಾಧುವಿನಂತೆ ನಿಂತಿರುತ್ತದೆ. ಕತ್ತಲಾದ ಮೇಲೆ ಕರಿ ಬೂದಿ ಬಿಡುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಮಾಳಿಗೆಯ ಮೇಲೆ, ತುಳಸಿಯ ಎಲೆಯ ಮೇಲೆ, ಒಣಹಾಕಿದ ಬನಿಯನ್ನಿನ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ.

ಇದರಿಂದ ಹೆಚ್ಚು ಪೆಟ್ಟು ಬಿದ್ದದ್ದು ನನ್ನ ಹೆಂಡತಿಗೆ. ಪ್ರತಿ ಬೇಸಿಗೆಯಲ್ಲಿ ಅವಳು ಅಕ್ಕಿ ಸಂಡಿಗೆ, ಜೋಳದ ಸಂಡಿಗೆ ಇಟ್ಟು, ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಕೊಡುತ್ತಿದ್ದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಶುರುವಾದ ಕೆಲಸ ಅದು, ನನ್ನ ನೌಕರಿಗಿಂತ ಹೆಚ್ಚು ಬಾಳಿತು. ಸಂಡಿಗೆಯ ಕಷ್ಟವೇನೆಂದರೆ, ಮೊದಲ ದಿನ ಅದು ಹಸಿಯಾಗಿರುತ್ತದೆ. ಬಟ್ಟೆಯಿಂದ ಕೀಳಲು ಬರುವುದಿಲ್ಲ, ಮೇಲೊಂದು ಬಟ್ಟೆ ಹೊದಿಸಿದರೆ ಅದಕ್ಕೂ ಅಂಟುತ್ತದೆ. ರಾತ್ರಿ ತೆರೆದೇ ಬಿಡಬೇಕು. ಹಾಗೆ ಬಿಟ್ಟ ಸಂಡಿಗೆಯನ್ನು ಒಮ್ಮೆ ಬ್ರೂಸ್‌ಪೇಟೆಗೆ ಒಯ್ದಾಗ ಅಂಗಡಿಯವನು ಒಂದನ್ನು ಬೆಳಕಿಗೆ ಹಿಡಿದು ನೋಡಿದ.

"ಅಕ್ಕಾ, ಈ ಸಲ ಎಳ್ಳು ಹಾಕೀರೇನು?"

"ಎಳ್ಳಲ್ಲಪ್ಪ, ಮಿಲ್ಲಿನ ಪ್ರಸಾದ," ಎಂದಳು ಅವಳು. ಅವನು ನಕ್ಕು, ಚೀಲವನ್ನು ಹಿಂದಕ್ಕೆ ಕೊಟ್ಟ.

ಅದೇ ಕಾಲಕ್ಕೆ ಬಳ್ಳಾರಿಯ ಕಾಲೇಜೊಂದರ ಮೇಡಂ ಒಬ್ಬರು ಒಂದು ಕೆಲಸ ಹಿಡಿದಿದ್ದರು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕೆಲವು ಮನೆಗಳ ಮಾಳಿಗೆಯ ಮೇಲೆ ಟಿಫಿನ್ ಡಬ್ಬಿಯಷ್ಟು ಬಿಳಿ ಯಂತ್ರ ಕೂರಿಸುವುದು. ಅದು ಗಾಳಿಯೊಳಗಿನ ಧೂಳು, ಹೊಗೆಯನ್ನು ಅಳೆದು ತಾನಾಗಿ ಕಳಿಸುತ್ತದೆ. ಮೊಬೈಲಿನ ಆ್ಯಪ್ ತೆರೆದರೆ ನಕ್ಷೆಯಲ್ಲಿ ನಮ್ಮ ಮನೆ ಒಂದು ಚುಕ್ಕೆ. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಡಬ್ಬಿ ಸಿಗದವರು ರಾತ್ರಿ ಮಾಳಿಗೆಯ ಮೇಲೆ ಸ್ಟೀಲ್ ತಾಟಿನಲ್ಲಿ ಬಿಳಿ ಕಾಗದ ಇಟ್ಟು, ಬೆಳಿಗ್ಗೆ ಅದರ ಫೋಟೋ ತೆಗೆದು ಅದೇ ಆ್ಯಪಿಗೆ ಹಾಕಬಹುದು. ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ನೋಡಬಹುದು.

ಇದನ್ನೆಲ್ಲ ಕಲಿಸಲು ಕುರುಗೋಡಿನ ಒಂದು ಶಾಲೆಯಲ್ಲಿ ಸೇರಿಸಿದ್ದರು. ಕುರುಗೋಡಿನಲ್ಲಿ ನನ್ನ ಹೆಂಡತಿಯ ಅಕ್ಕನ ಮನೆ. ಅಕ್ಕನನ್ನು ನೋಡಿದಂತಾಗುತ್ತದೆ ಎಂದು ಅವಳೂ ನನ್ನ ಜೊತೆ ಬಂದಳು. ಬಂದವಳು ಕೊನೆಯ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಡಬ್ಬಿಯನ್ನು ನನಗೆ ಕೊಟ್ಟರು. ಕಾಟಾದ ಮೇಲೆ ಇದ್ದವನು, ಅಳತೆ ಗೊತ್ತಿರುವವನು ಎಂದು ಮೇಡಂ ಎಲ್ಲರೆದುರು ಹೇಳಿದಾಗ ನನ್ನ ಎದೆ ಉಬ್ಬಿತು. ತಾಟು ಇಡುವ ಕೆಲಸವನ್ನು ಅವಳೇ ಕೇಳಿ ಪಡೆದಳು.

ಡಬ್ಬಿ ಕೂರಿಸಿದ ಸಂಜೆಯೇ ನಾನು ನನ್ನ ಹಳೆಯ ಬಿಳಿ ಟವಲನ್ನು ನಾಲ್ಕು ಮಡಿಕೆ ಮಾಡಿ ಅದಕ್ಕೆ ಹೊದಿಸಿದೆ. ಬೆಳಿಗ್ಗೆ ಹಾಲು ತಂದ ಮೇಲೆ ತೆಗೆದೆ. ಅದು ನನ್ನ ಕೈಗೆ ಅಂಟಿದ ಅಭ್ಯಾಸ. ಯೋಚನೆ ಮಾಡಿ ಮಾಡಿದ್ದಲ್ಲ.

ಅವಳು ನೋಡಿದಳು. "ಏನ್ರಿ ಅದು?"

"ಧೂಳು ಕೂತ್ರ ಯಂತ್ರ ಕೆಡತೈತಿ."

"ಅದು ಇರಾದ ಧೂಳು ಹಿಡಿಯಾಕಲ್ಲೇನು? ಮೂಗಿಗೆ ದುಪ್ಪಟಿ ಹೊದಿಸಿ ವಾಸ್ನಿ ನೋಡಂದ್ರ ಹೆಂಗ ನೋಡಬೇಕು ಪಾಪ?"

"ಯಂತ್ರದ ವಿಷಯ ನನಗ ಹೇಳಾಕ ಬರಬ್ಯಾಡ. ಕಾಟಾದ ಮ್ಯಾಲ ಜೀವಮಾನ ಕಳದೀನಿ."

"ಕಾಟಾಕ್ಕ ಮುಸುಕು ಹಾಕಿ ಲಾರಿ ತೂಗತಿದ್ರೇನು?" ಎಂದು ಕೇಳಿ ಅವಳು ಕೆಳಗಿಳಿದು ಹೋದಳು. ಉತ್ತರ ಇಲ್ಲದಾಗ ನಮ್ಮಂಥ ಗಂಡಸರು ಮಾಡುವುದನ್ನೇ ಮಾಡಿದೆ. ಮರುದಿನವೂ ಹೊದಿಸಿದೆ.

ಆಯುಧಪೂಜೆ ಬಂತು. ಡಬ್ಬಿಗೆ ವಿಭೂತಿ, ಕುಂಕುಮ ಹಚ್ಚಿ, ಹೂವೇರಿಸಿ, ಊದಿನಕಡ್ಡಿಯ ಕಟ್ಟನ್ನೇ ಅದರ ಮುಂದೆ ಹಚ್ಚಿಟ್ಟೆ. ಸ್ವಲ್ಪ ಹೊತ್ತಿಗೆ ಮೇಡಂ ಫೋನು.

"ತಾತ, ನಿಮ್ಮ ಓಣಿಯಾಗ ಬೆಂಕಿ ಬಿದ್ದೈತೇನ್ರಿ? ನಿಮ್ಮ ಚುಕ್ಕಿ ಕೆಂಪಗ ಆಗೈತಿ."

"ಬೆಂಕಿ ಅಲ್ಲ ತಂಗಿ, ಭಕ್ತಿ," ಎಂದೆ. ಅವರು ಬಹಳ ಹೊತ್ತು ನಕ್ಕರು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಇಷ್ಟು ಊದಿನಕಡ್ಡಿಗೆ ಕೆಂಪಾಗುವ ಯಂತ್ರ, ಅಷ್ಟು ದೊಡ್ಡ ಚಿಮಣಿಯ ಎದುರು ರಾತ್ರಿಯಿಡೀ ಹಸಿರಾಗಿರುವುದು ಹೇಗೆ ಎಂದು. ಹೊಳೆಯಲಿಲ್ಲ. ಹಸಿರು ಚುಕ್ಕೆಯನ್ನು ನಾನು ನನಗೆ ಬಂದ ಮಾರ್ಕು ಎಂದುಕೊಂಡಿದ್ದೆ. ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಮೊಬೈಲು ತೋರಿಸಿ 'ನಮ್ಮ ಮನಿ ನೋಡ್ರಿ, ಹಸರು' ಎನ್ನುತ್ತಿದ್ದೆ.

ಮುಂದಿನ ಬೇಸಿಗೆಗೆ ಗಿರಣಿ ಜೋರಾಯಿತು. ಅವಳ ತಾಟಿನ ಕಾಗದ ದಿನವೂ ಕಪ್ಪು. ಅವಳು ದಿನವೂ ಫೋಟೋ ಹಾಕಿದಳು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ದೂರು ಕೊಟ್ಟವಳೂ ಅವಳೇ. ರಾತ್ರಿ ಬೂದಿ ಬಿಡುವುದು ನಿಲ್ಲದಿದ್ದರೆ ಅವಳು ಈ ಮಾಳಿಗೆಯ ಮೇಲೆ ಇನ್ನೊಂದು ಸಂಡಿಗೆ ಇಡುವಂತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ತನ್ನ ಮಾತನ್ನು ನಂಬಬೇಕು, ತನ್ನ ಮಾಳಿಗೆ ತನಗೆ ವಾಪಸ್ಸು ಬರಬೇಕು.

ಬಳ್ಳಾರಿಯ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಸಭೆ ಕರೆದರು. ಸಾಹೇಬರು, ಗಿರಣಿಯ ಮ್ಯಾನೇಜರ್, ಮೇಡಂ, ನಮ್ಮ ಓಣಿಯ ಕೆಲವರು. ಡಬ್ಬಿ ನನ್ನ ಮನೆಯದಾದ್ದರಿಂದ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಅವಳು ನನ್ನ ಹಿಂದೆ.

ಮ್ಯಾನೇಜರ್ ಬುದ್ಧಿವಂತ. ನಮ್ಮದೇ ಆ್ಯಪನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. "ಇದು ನಮ್ಮ ಯಂತ್ರ ಅಲ್ರಿ ಸರ. ಇವರ ಮನಿದ. ರಾತ್ರಿ ಪೂರಾ ಹಸರು ಐತಿ, ನೀವ ನೋಡ್ರಿ."

ನಾನೂ ನೋಡಿದೆ. ಅಳತೆಯ ಗೆರೆ ಹಗಲು ಏರಿಳಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಥಟ್ಟನೆ ಬಿದ್ದು, ನೆಲಕ್ಕೆ ಮಲಗಿದಂತೆ ಹೋಗಿ, ಬೆಳಿಗ್ಗೆ ಹಾಲು ತರುವ ಹೊತ್ತಿಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ಪ್ರತಿ ದಿನ ಹಾಗೆಯೇ. ಗಾಳಿ ಹಾಗೆ ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. ಆ ಗೋಡೆಯ ಮೇಲೆ ಕಾಣುತ್ತಿದ್ದದ್ದು ನನ್ನ ಟವಲು. ಅದನ್ನು ಆ ಕುರ್ಚಿಯಲ್ಲಿ ಕುಳಿತೇ ತಿಳಿದುಕೊಂಡೆ.

ಮ್ಯಾನೇಜರ್ ಮುಂದುವರಿಸಿದ. "ಗಂಡನ ಯಂತ್ರ ಒಂದು ಹೇಳತೈತಿ, ಹೆಂಡತಿ ತಾಟು ಇನ್ನೊಂದು ಹೇಳತೈತಿ. ನಾವು ಯಾರದು ನಂಬೋಣ್ರಿ? ಒಲಿ ಬೂದಿ ಉದುರಿಸಿ ಫೋಟೋ ಹೊಡದ್ರ ಯಾರಿಗೆ ತಿಳಿತೈತಿ?"

ಎಲ್ಲರೂ ನಕ್ಕರು. ಅವಳು ಎದ್ದು ನಿಂತಳು. "ನಮ್ಮನ್ಯಾಗ ಒಲಿ ತಗದು ಬಾಳ ವರ್ಷ ಆತ್ರಿ. ಗ್ಯಾಸ್ ಐತಿ. ಬೂದಿ ಎಲ್ಲಿಂದ ತರ್ಲಿ?" ನನ್ನ ಕಡೆ ತಿರುಗಿ ಮೆಲ್ಲಗೆ, "ಹೇಳ್ರಿ ನೀವಾದ್ರೂ," ಎಂದಳು.

ಸಾಹೇಬರು ನನ್ನನ್ನು ನೋಡಿದರು. ನಾನೂ ನಗುತ್ತಿದ್ದೆ. ನಗುತ್ತಲೇ ಹೇಳಿದೆ, "ಯಂತ್ರ ಸುಳ್ಳು ಹೇಳಂಗಿಲ್ಲ ಬಿಡ್ರಿ ಸಾಹೇಬ್ರ."

ತಿಳಿದ ಮೇಲೆ ನಾನು ಆಡಿದ ಮಾತು ಇದೇ. ನನ್ನನ್ನು ಯಾರೂ ಹೆದರಿಸಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ಮುಂದಿನ ಸಾಲಿನ ಕುರ್ಚಿಯಿಂದ ಎದ್ದು 'ಅದಕ್ಕೆ ಬಟ್ಟೆ ಹೊದಿಸಿದವನು ನಾನು' ಎನ್ನಲು ನನಗೆ ನಾಚಿಕೆಯಾಯಿತು. ನನ್ನ ನಾಚಿಕೆ ಉಳಿಸಿಕೊಳ್ಳಲು ಅವಳನ್ನು ಸುಳ್ಳಿ ಮಾಡಿದೆ. ಅಳತೆಯ ಪ್ರಕಾರ ಎಲ್ಲ ಸರಿಯಿದೆ ಎಂದು ದೂರನ್ನು ಮುಗಿಸಿದರು.

ವಾಪಸ್ಸು ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕುಳಿತಿದ್ದಳು. ತೆಕ್ಕಲಕೋಟೆ ದಾಟಿದ ಮೇಲೆ ಒಂದೇ ಮಾತು ಹೇಳಿದಳು. "ಆ ಟವಲು ಬಾಳ ಕರಿ ಆಗಿರಬೇಕು."

ಮನೆಗೆ ಬಂದು ಮಾಳಿಗೆ ಹತ್ತಿ ನೋಡಿದೆ. ಮೇಲಿನ ಮಡಿಕೆ ಬಾಣಲೆಯ ತಳದಂತಿತ್ತು. ಒಳ ಮಡಿಕೆ ಬೆಳ್ಳಗಿತ್ತು. ಅವಳ ಮಾತು ನಿಜವೆನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಾನು ಅದನ್ನು ಬಚ್ಚಲಿಗೆ ಒಯ್ದು, ಸೋಪು ಹಚ್ಚಿ, ನೀರು ತಿಳಿಯಾಗುವವರೆಗೆ ಒಗೆದೆ. ನನ್ನ ಬಟ್ಟೆ ನಾನೇ ಒಗೆದದ್ದು ಆ ಮನೆಯಲ್ಲಿ ಅದೇ ಮೊದಲು.

ಇನ್ನೂ ಇದೆ. ಕೆಲವು ದಿನಗಳ ಮೇಲೆ ಮೇಡಂ ಫೋನು ಮಾಡಿದರು. ಅವರಿಗೂ ಆ ಗೆರೆ ಅನುಮಾನ ಹುಟ್ಟಿಸಿತ್ತು. "ತಾತ, ಸಂಜಿ ಮುಂದ ಡಬ್ಬಿ ಯಾರಾದ್ರೂ ಮುಚ್ಚತಾರೇನ್ರಿ?"

ತಪ್ಪೊಪ್ಪಿಕೊಳ್ಳಲು ದೇವರು ಬಾಗಿಲು ತೆರೆದು ನಿಂತಿದ್ದ. ನಾನು ಹೇಳಿದೆ, "ನಮ್ಮ ಮನಿಯಾಕಿ ಮುಚ್ಚಿರಬೇಕು ತಂಗಿ. ಓದಿಲ್ಲ ಬರದಿಲ್ಲ, ಅಕಿಗೆ ಹೆಂಗ ತಿಳಿಬೇಕು?"

ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

ಆ ಸಂಜೆ ಮೇಡಂ ಡಬ್ಬಿ, ತಾಟು ಇಟ್ಟವರೆಲ್ಲರ ಮೊಬೈಲ್ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದರು. 'ಮನೆಯಲ್ಲಿರುವ ಅಮ್ಮಂದಿರಿಗೆ ದಯವಿಟ್ಟು ತಿಳಿಸಿ ಹೇಳಿ, ಡಬ್ಬಿಗೆ ಬಟ್ಟೆ ಮುಚ್ಚಬಾರದು.' ಅವರು ಯಾರ ಹೆಸರನ್ನೂ ಹೇಳಲಿಲ್ಲ. ನಮ್ಮ ಓಣಿಗೆ ಹೇಳಬೇಕಾಗಿರಲಿಲ್ಲ. ಮರುದಿನ ನಲ್ಲಿಯ ಹತ್ತಿರ ಒಬ್ಬಾಕೆ, "ಏನಕ್ಕಾ, ಕಂಪ್ಲೇಂಟ್ ಕೊಟ್ಟಾಕಿನೂ ನೀನ, ಮುಸುಕು ಹಾಕಿದಾಕಿನೂ ನೀನ?" ಎಂದದ್ದು ನನಗೆ ಒಳಗೆ ಕೇಳಿಸಿತು.

"ಹೂನವ್ವ," ಎಂದಳು ಅವಳು. "ನನಗ ತಿಳಿಯಂಗಿಲ್ಲ ನೋಡು."

ಗಂಡನ ಮರ್ಯಾದೆಯನ್ನು ನಲ್ಲಿಯ ಹತ್ತಿರ ಚೆಲ್ಲಬಾರದೆಂದು ಅವಳು ಹಾಗೆ ಹೇಳಿದಳು. ಆ ಮರ್ಯಾದೆಯ ಬೆಲೆ ಎಷ್ಟೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವಾರವೇ ಅವಳು ಹಿಟ್ಟಿನ ಡಬ್ಬಿ, ಹಳೆಯ ಸೀರೆಗಳು, ದೊಡ್ಡ ಪಾತ್ರೆ ಎಲ್ಲ ಕಟ್ಟಿಕೊಂಡು ಕುರುಗೋಡಿಗೆ ಹೊರಟಳು. "ಅಕ್ಕನ ಮಾಳಿಗಿ ಸ್ವಚ್ಛ ಐತಿ. ಸಂಡಿಗಿ ಕಾಲ ಮುಗಿಯೋತನಕ ಅಲ್ಲೇ ಇರ್ತೀನಿ. ಬ್ಯಾಳಿ ಎಲ್ಲೈತಿ, ಉಪ್ಪು ಎಲ್ಲೈತಿ ನಿಮಗ ಗೊತ್ತೇನು?" ಗೊತ್ತಿರಲಿಲ್ಲ. ತೋರಿಸಿ ಹೋದಳು.

ಡಬ್ಬಿಗೆ ನಾನು ಮತ್ತೆ ಬಟ್ಟೆ ಹೊದಿಸಲಿಲ್ಲ. ಚುಕ್ಕೆ ಕತ್ತಲಾದೊಡನೆ ಕೆಂಪಾಗತೊಡಗಿತು. ಪ್ರತಿ ರಾತ್ರಿ. ಮೇಡಂ ಮತ್ತೆ ದೂರು ಎತ್ತಿದರು. ಮ್ಯಾನೇಜರ್ ಅದಕ್ಕೂ ತಯಾರಿದ್ದ. ನಿನ್ನೆಯವರೆಗೆ ಹಸಿರಿದ್ದದ್ದು ಇಂದು ಕೆಂಪಾದರೆ ಯಂತ್ರಕ್ಕೆ ಏನೋ ಮಾಡಿದ್ದಾರೆ, ಇಲ್ಲವೇ ಊದಿನಕಡ್ಡಿ ಹಚ್ಚಿದ್ದಾರೆ ಎಂದ. ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಹಸಿರು ಯಾಕೆ ಬಂತು ಎಂದು ಯಾರಾದರೂ ಎದ್ದು ನಿಂತು ಹೇಳದ ಹೊರತು ಕೆಂಪನ್ನು ಯಾರೂ ನಂಬುವುದಿಲ್ಲ. ಹೇಳಬಲ್ಲವನು ನಾನೊಬ್ಬನೇ.

ಮೊದಲು ಮೇಡಂಗೆ ಫೋನಿನಲ್ಲಿ ಹೇಳಿದೆ. ಅವರು, "ಹೋಗ್ಲಿ ಬಿಡ್ರಿ ತಾತ. ಆ ಹಳೇ ಅಳತಿ ಎಲ್ಲಾ ನಕ್ಷೆಯಿಂದ ತಗದು ಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

"ತಗೀಬ್ಯಾಡ್ರಿ ತಂಗಿ. ಅಲ್ಲೇ ಇರ್ಲಿ. ಅದರ ಕೆಳಗ ಬರೀರಿ, ಈ ಮನಿ ಯಜಮಾನ ಯಂತ್ರಕ್ಕ ಟವಲು ಹೊದಿಸಿದ್ದ, ಅದಕ್ಕ ಇದು ತಪ್ಪು ಅಂತ. ಟವಲನ್ನು ಒಮ್ಮೆ ತೊಳದು ಹಾಕೀನಿ. ಇದನ್ನೂ ತೊಳಿಯೋದು ಬ್ಯಾಡ."

ಈಗಲೂ ನಕ್ಷೆಯಲ್ಲಿ ಆ ತಿಂಗಳುಗಳು ಇವೆ, ಕೆಳಗೆ ಆ ಸಾಲೂ ಇದೆ. ಯಾರು ಬೇಕಾದರೂ ನೋಡಬಹುದು.

ಬಳ್ಳಾರಿಯಲ್ಲಿ ಎರಡನೆಯ ಸಭೆ. ಈ ಸಲ ನಾನಾಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಎದ್ದು ನಿಂತು ಎಲ್ಲ ಹೇಳಿದೆ. ಟವಲು ನನ್ನದು, ಹೊದಿಸಿದ ಕೈ ನನ್ನದು, ಬೇಡವೆಂದವಳು ನನ್ನ ಹೆಂಡತಿ, ಅವಳ ಮೇಲೆ ಹಾಕಿದವನು ನಾನು, ಅವಳ ತಾಟಿನ ಪ್ರತಿಯೊಂದು ಫೋಟೋ ನಿಜ.

ಸಾಹೇಬರು ಕನಿಕರದಿಂದ, "ಆಯ್ತು, ಕೂಡ್ರಿ. ವಯಸ್ಸಾಗೈತಿ, ಆಗತೈತಿ," ಎಂದರು.

"ವಯಸ್ಸಾಗಿದ್ದಕ್ಕ ಆಗಿಲ್ರಿ ಸಾಹೇಬ್ರ. ಇಪ್ಪತ್ತೈದು ವರ್ಷದಾವ ಇದ್ರೂ ನಾನು ಹಿಂಗ ಮಾಡ್ತಿದ್ದೆ."

ಮ್ಯಾನೇಜರ್ ಅದನ್ನೇ ಹಿಡಿದ. "ಇದಕ್ಕ ನಾವು ಹೇಳಾದು ಸರ. ಅಳಿಯಾದು ಕಂಡ ಕಂಡ ಜನರ ಕೆಲಸ ಅಲ್ಲ. ಒಬ್ರು ಟವಲು ಹೊದಸ್ತಾರ, ಒಬ್ರು ಊದಿನಕಡ್ಡಿ ಹಚ್ಚತಾರ. ಇವರ ಲೆಕ್ಕ ಎಲ್ಲಾ ಬದಿಗಿಡ್ರಿ."

ನಾನು ಇನ್ನೂ ನಿಂತೇ ಇದ್ದೆ. "ನಿಮ್ಮ ಮಿಲ್ಲಿನ ಕಾಟಾ ಒಮ್ಮೆ ತಪ್ಪು ತೋರಿಸಿದ್ರ ಏನ್ ಮಾಡ್ತೀರಿ?"

"ರಿಪೇರಿ ಮಾಡಸ್ತೀವಿ."

"ಲಾರಿ ತೂಗಾದು ಬಿಡ್ತೀರೇನು?"

ಅವನು ತನ್ನ ಮುಂದಿದ್ದ ಕಾಗದ ತಿರುವಿದ. ಪಕ್ಕದಲ್ಲಿ ನಮ್ಮ ಓಣಿಯವರು ಯಾರೋ ಮೂಗಿನಲ್ಲಿ ನಕ್ಕರು. ಸಾಹೇಬರು ತಮ್ಮದೇ ದೊಡ್ಡ ಯಂತ್ರವನ್ನು ನಮ್ಮ ಮಾಳಿಗೆಯ ಮೇಲೆ ಡಬ್ಬಿಯ ಪಕ್ಕ ಇಡಿಸುವುದಾಗಿ ಹೇಳಿದರು. ಇಡಿಸಿದರು, ಒಯ್ದರು. ವರದಿ ಇನ್ನೂ ಬಂದಿಲ್ಲ. ಬಂದ ವರದಿ ನಮ್ಮ ವಿರುದ್ಧ ಇದ್ದರೂ ನಾನು ತಾಟು ಇಡುವುದನ್ನು ಬಿಡುವವನಲ್ಲ. ಕಟ್ಟೆಯ ಮೇಲಿನ ಹಳೆಯ ಗೆಳೆಯರು, 'ಮಿಲ್ಲಿನ ಅನ್ನ ತಿಂದು ಮಿಲ್ಲಿನ ಮ್ಯಾಲ ತಿರುಗಿ ಬಿದ್ದೀಯಲ್ಲೋ' ಎನ್ನುತ್ತಾರೆ. ತಿಂದ ಅನ್ನಕ್ಕೆ ದುಡಿದಿದ್ದೇನೆ. ಉಸಿರಿಗೆ ಯಾರೂ ನನಗೆ ಸಂಬಳ ಕೊಟ್ಟಿಲ್ಲ.

ಅವಳ ತಾಟನ್ನು ಈಗ ನಾನು ಇಡುತ್ತೇನೆ. ಆ ಫೋಟೋಗಳು ಮೊದಲಿನಿಂದ ನನ್ನ ಹೆಸರಿನಲ್ಲೇ ಹೋಗುತ್ತಿದ್ದವು, ಮೊಬೈಲು ನನ್ನದೆಂಬ ಕಾರಣಕ್ಕೆ. ಅದನ್ನು ಬದಲಿಸಿದೆ. ನಮ್ಮ ಕಾಲದವರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಇಷ್ಟು ವರ್ಷ 'ಏ' ಎಂದೋ 'ಕೇಳಿತೇನು' ಎಂದೋ ಕರೆದವನು, ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಅವಳ ಹೆಸರನ್ನು ಟೈಪು ಮಾಡಿದೆ. ಇಲ್ಲಿ ಬರೆಯುವುದಿಲ್ಲ. ನೋಡಬೇಕಾದವರು ನಕ್ಷೆಯಲ್ಲಿ ನೋಡಲಿ.

ಸಭೆಯ ಮರುದಿನವೇ ಕುರುಗೋಡಿಗೆ ಹೋಗಿದ್ದೆ. ಅವಳು ಅಕ್ಕನ ಮಾಳಿಗೆಯ ಮೇಲೆ ಬಿಸಿ ಹಿಟ್ಟನ್ನು ಚಕ್ಕುಲಿ ಒರಳಿಗೆ ತುಂಬಿ ಒತ್ತುತ್ತಿದ್ದಳು.

"ಸಭಾದಾಗ ಎಲ್ಲಾ ಹೇಳಿ ಬಂದೆ," ಎಂದೆ.

"ಗೊತ್ತಾತು. ಅಕ್ಕನ ಫೋನಿಗೆ ಗ್ರೂಪಿನ್ಯಾಗ ಬಂತು."

"ಮೇಡಂಗೂ ಹೇಳಿದೆ. ನಕ್ಷೆಯಾಗ ಬರಸೀನಿ. ಓಣಿಯಾಗ ಮನಿ ಮನಿಗೆ ಹೋಗಿ ಹೇಳೀನಿ."

"ಹೂಂ. ಎಲ್ಲಾರಿಗೂ ಹೇಳೀರಿ," ಎಂದಳು. ಸ್ವಲ್ಪ ಕಾದಳು. ನಾನು ಮಾತಾಡಲಿಲ್ಲ. "ಬಿಸಲು ಏರಾಕ ಹತ್ತೈತಿ. ಆ ಸೀರಿ ತುದಿ ಹಿಡೀರಿ."

ಹಿಡಿದೆ. ಸೀರೆಯ ಮೇಲೆ ಬೆಳ್ಳಗೆ, ಒಂದು ಚುಕ್ಕೆಯೂ ಇಲ್ಲದ ಸಂಡಿಗೆ ಸಾಲು ಸಾಲಾಗಿ ಬಿದ್ದಿತು. ಸಂಜೆಯ ಬಸ್ಸಿಗೆ ಒಬ್ಬನೇ ವಾಪಸ್ಸಾದೆ.

ಅದು ಹೋದ ವರ್ಷದ ಮಾತು. ಸಂಡಿಗೆ ಕಾಲ ಮುಗಿದ ಮೇಲೆ ಅವಳು ಮನೆಗೆ ಬಂದಳು. ಈ ಬೇಸಿಗೆಗೆ ಮತ್ತೆ ಪಾತ್ರೆ ಕಟ್ಟಿಕೊಂಡು ಹೋದಳು. ನಡುವೆ ಮಳೆಗಾಲ, ಚಳಿಗಾಲ ಪೂರ್ತಿ ಒಂದೇ ಸೂರಿನ ಕೆಳಗೆ ಇದ್ದೆವು. ಅವಳು ಅಂದು ಕಾದ ಮಾತು ನನ್ನ ಬಾಯಿಂದ ಬರಲಿಲ್ಲ. ಸೀರೆಯ ತುದಿ ಹಿಡಿದದ್ದು, ಹೆಸರು ಟೈಪು ಮಾಡಿದ್ದು, ಈಗ ಇದನ್ನು ಬರೆದದ್ದು ಯಾವುದೂ ಅದರ ಬದಲಿಗೆ ಬರುವುದಿಲ್ಲ. ಬರುತ್ತದೆ ಎಂದು ಯಾರೂ ನನಗೆ ಸಮಾಧಾನ ಹೇಳಬೇಕಾಗಿಲ್ಲ.

ತಪ್ಪಾಯಿತೆಂದು ಸಾಹೇಬರಿಗೆ ಹೇಳಿದ್ದೇನೆ. ಮೇಡಂಗೆ ಹೇಳಿದ್ದೇನೆ. ನಲ್ಲಿಯ ಹತ್ತಿರ ಅವಳನ್ನು ಕೆಣಕಿದ ಆ ಹೆಂಗಸಿಗೂ ಕೈ ಮುಗಿದು ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಬ್ಬಳಿಗೆ. ಈ ಹೊತ್ತು ಕುರುಗೋಡಿನಲ್ಲಿ ಅಕ್ಕನ ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತ ಕುಳಿತಿರುವ ನನ್ನ ಹೆಂಡತಿಗೆ.